ತಲೆಕೆಳಗಾದ ಸಾಲು

ಅಪ್ಪ ಓದಲು ಕಲಿತದ್ದು ತಲೆಕೆಳಗಾಗಿ.
ಯೆಮೆನ್ನಿನ ಹಳ್ಳಿ. ಒಂದೇ ಪುಸ್ತಕ, ಸುತ್ತ ಏಳು ಹುಡುಗರು.
ಗುರುವಿನ ಎದುರಿಗೆ ಜಾಗ ಸಿಕ್ಕವನಿಗೆ
ಅಕ್ಷರಗಳೆಲ್ಲ ಬಾವಲಿಗಳ ಹಾಗೆ ಜೋತಾಡುತ್ತಿದ್ದವು.
ಎಂಬತ್ತೊಂಬತ್ತಾಯಿತು, ಇವತ್ತಿಗೂ
ರೋಶ್ ಹಾಐನಿನ ಅಡುಗೆಮನೆಯ ಮೇಜಿನ ಮೇಲೆ
ಪುಸ್ತಕ ತಿರುಗಿಸಿಟ್ಟುಕೊಂಡೇ ಓದುತ್ತಾನೆ;
ನೆಟ್ಟಗಿಟ್ಟರೆ ತಡವರಿಸುತ್ತಾನೆ.

ನಾನು ಮಣ್ಣು ಕೆರೆಯುವವಳು.
ದಕ್ಷಿಣದ ಬೋಳುಗುಡ್ಡ, ಹದಿನಾಲ್ಕನೆಯ ಚೌಕ,
ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.
ಮಂಗಳವಾರ ಸಿಕ್ಕಿತು: ಮೊಣಕಾಲೆತ್ತರದ ಬಲಿಪೀಠ,
ಮೂಲೆಗೊಂದು ಕೊಂಬು, ಒಂದು ಮುಕ್ಕು,
ಹಾಲು ಕುಡಿದು ಮಲಗಿದ ಕೂಸಿನ ಹಾಗೆ
ಬೋರಲು ಬಿದ್ದಿತ್ತು.
ಉರುಳಿಸಿದರೋ, ಮಲಗಿಸಿದರೋ
ಎಂದು ಗುಡಾರದಲ್ಲಿ ಎರಡು ದಿನ ಜಗಳ.
"ಜಗಳವೇಕೆ, ಬರೆದೇ ಇದೆಯಲ್ಲ," ಅಂದ ಗೆರ್ಶೋನ್.
ಎತ್ತರದ ಗುಡಿಗಳು ಹಾಳಾಗುವವೆಂದು
ಪ್ರವಾದಿ ಗುಡ್ಡಗಳಿಗೇ ಕೂಗಿ ಹೇಳಿದ್ದನಲ್ಲ.
ಸಾಲು ಅಲ್ಲಿ, ಕಲ್ಲು ಇಲ್ಲಿ;
ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂತಿತು ಅವನಿಗೆ.
ನನಗೆ ಕೂರಲಿಲ್ಲ.

ಶುಕ್ರವಾರ, ದೀಪ ಹಚ್ಚುವ ಮುಂಚೆ, ಕೇಳಿದೆ:
ಅಪ್ಪಾ, ತಪ್ಪು ಮಾಡಿದವರು ಜನ.
ಗುಡ್ಡಕ್ಕೇಕೆ ಬೈಗುಳ? ಗುಡ್ಡ ಏನು ಮಾಡಿತ್ತು,
ಅಲ್ಲಿತ್ತು ಅನ್ನುವುದು ಬಿಟ್ಟರೆ?

ಪುಟ ಹುಡುಕಿದ. ಪುಸ್ತಕ ತಿರುಗಿಸಿದ.
"ನೋಡು, ಗುರು ಕೂತ ಕಡೆಯಿಂದ
ಈ ಮೊದಲ ಸಾಲು ಬಲು ದೂರ.
ಕೈ ಚಾಚಿ, ಕಡ್ಡಿ ಇಟ್ಟು ತೋರಿಸುತ್ತಿದ್ದರು.
ಎದುರಿಗಿದ್ದ ನನಗೆ ಅದೇ ಸಾಲು ಹೊಟ್ಟೆಗೆ ತಾಗುತ್ತಿತ್ತು,
ಕಡ್ಡಿಯ ಮೊನೆ ನೇರ ನನ್ನತ್ತ.
ವಿಗ್ರಹ ಎಂದು ಅವರು ಓದಿದಾಗಲೆಲ್ಲ
ನಾನು ಅಂಗಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ."

ಆಮೇಲೆ ಎಂದೂ ಹೇಳದ್ದನ್ನು ಹೇಳಿದ.
ಅವನ ತಂಗಿ ಹಮಾಮಾಳಿಗೆ ಜ್ವರ ಏರಿದ ರಾತ್ರಿ
ಅಜ್ಜಿ ಬದ್ರಾ ಗೋಡೆಗೂಡಿನಲ್ಲಿ ಧೂಪದಾನಿ ಇಟ್ಟು,
ಕೆಂಡಕ್ಕೆ ಸದಾಪಿನ ಸೊಪ್ಪು ಉದುರಿಸಿ
ಯಾರದೋ ಹೆಸರು ಗೊಣಗುತ್ತಿದ್ದಳಂತೆ,
ನಮ್ಮವರದಲ್ಲದ ಹೆಸರು.
ಹತ್ತು ವರ್ಷದ ಪಂಡಿತ ಇವನು, ಸಾಲು ಬಾಯಿಪಾಠ;
ಕೆಂಡದ ಸಮೇತ ಎತ್ತಿ ಮಾಳಿಗೆಯಿಂದ ಎಸೆದ.
ಹಮಾಮಾ ಉಳಿಯಲಿಲ್ಲ.
ಜ್ವರಕ್ಕೆ ಧೂಪ ಮದ್ದಲ್ಲ, ಅದು ಗೊತ್ತು ಅಂದ,
ಎಪ್ಪತ್ತೊಂಬತ್ತು ವರ್ಷದಿಂದ ಗೊತ್ತು.

"ಅಮ್ಮ ನನಗೇನೂ ಅನ್ನಲಿಲ್ಲ.
ನೆಲದ ಮೇಲೆ ಕೂತ ಏಳು ದಿನವೂ
ಕಿಟಕಿಯಾಚೆಯ ಗುಡ್ಡಕ್ಕೆ ಬೈದಳು.
ನಿನ್ನ ನೆತ್ತಿ ಬೋಳಾಗಲಿ,
ನಿನ್ನ ಮೈಮೇಲೆ ಮುಳ್ಳೇ ಬೆಳೆಯಲಿ.
ನಾನು ಮೂಲೆಯಲ್ಲಿ ಕೂತು ಕೇಳಿಸಿಕೊಂಡೆ."

ಒಲೆಯ ಮೇಲೆ ಸಾರು ಉಕ್ಕಿತು. ನಾನು ಏಳಲಿಲ್ಲ.

ಪೀಠ ಎತ್ತಿ ನಿಲ್ಲಿಸಿ ತೆಗೆದ ಚಿತ್ರ ಫೋನಿನಲ್ಲಿತ್ತು, ಕೊಟ್ಟೆ.
ಅಭ್ಯಾಸಬಲ, ಅದನ್ನೂ ತಿರುಗಿಸಿ ಹಿಡಿದ.
ಕೊಂಬುಗಳು ಕೆಳಗೆ ಬಂದವು, ಕಾಲುಗಳಾದವು.
ಒಂದು ಕಾಲು ಮುಕ್ಕು.
ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.
"ಇದನ್ನು ಎಲ್ಲಿಂದ ತಂದೆ?" ಅಂದ.

ಭಾನುವಾರ ಮತ್ತೆ ಚೌಕದಲ್ಲಿ.
ಪೀಠವಿದ್ದ ಜಾಗದಲ್ಲಿ ಎರಡು ಬೆರಳು ದಪ್ಪ ಮರಳು,
ಒಂದು ಹರಳೂ ಇಲ್ಲ;
ಯಾರೋ ಜರಡಿ ಹಿಡಿದಿದ್ದಾರೆ.
ಫಾರಮ್ಮಿನಲ್ಲಿ ಎರಡೇ ಮನೆ: ಉರುಳಿಸಿದ್ದು, ಮಲಗಿಸಿದ್ದು.
ಬೇಗ ಬರೆ, ಬಿಸಿಲೇರುತ್ತಿದೆ ಎಂದು
ಮೇಲಿನಿಂದ ಗೆರ್ಶೋನ್ ಕೂಗುತ್ತಿದ್ದಾನೆ.
ಪೆನ್ನು ಹಿಡಿದು ಎದುರಿನ ಗುಡ್ಡ ನೋಡಿದೆ.
ಬೈಸಿಕೊಂಡು ರೂಢಿಯಾದ ಗುಡ್ಡ,
ಮೈತುಂಬ ಮುಳ್ಳುಗಿಡ,
ಮುಳ್ಳುಗಿಡಕ್ಕೆ ನೀಲಿ ಹೂ.